ಒಂದು ಕೂದಲೂ ಇಲ್ಲದ ಜೀಪು

ಒಂದು ಊರು. ಊರೆಂದ ಮೇಲೆ ರಾಜ ಇರಲೇಬೇಕು ಎನ್ನುತ್ತಿದ್ದಳು ಅಜ್ಜಿ. ಆದರೆ ಈ ಊರಿನಲ್ಲಿ ರಾಜನಿರಲಿಲ್ಲ, ಗಾಡಿಗಳ ಸೀಟು ಹೊಲಿಯುವ ಒಬ್ಬ ಹುಡುಗಿಯಿದ್ದಳು. ಏಳು ಸಮುದ್ರಗಳಿರಲಿಲ್ಲ, ಒಂದು ಇಕ್ಕಟ್ಟಾದ ಗಲ್ಲಿಯಿತ್ತು. ಕತೆಯ ರಾಕ್ಷಸನ ಪ್ರಾಣ ಎಲ್ಲೋ ಗುಹೆಯಲ್ಲಿರುವ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಈ ಹುಡುಗಿಯ ಪ್ರಾಣ ಅವಳ ಅಕ್ಕನ ಎದೆಗೂಡಿನೊಳಗಿತ್ತು. ಆ ಅಕ್ಕ ಎದೆಯ ಆಪರೇಷನ್ ಆಗಿ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿದ್ದಳು.

ಹುಡುಗಿಯನ್ನು ಎಲ್ಲರೂ ಸೂಜಿ ಎನ್ನುತ್ತಿದ್ದರು. ತೆಳ್ಳಗಿದ್ದಾಳೆಂದೋ, ಕೈಯಲ್ಲಿ ಸದಾ ಬಾಗಿದ ಸೂಜಿ ಹಿಡಿದಿರುತ್ತಾಳೆಂದೋ, ಮಾತು ಚುಚ್ಚುತ್ತದೆಂದೋ, ಯಾರಿಗೂ ನೆನಪಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಸೋದರಮಾವ ಅವಳಿಗೆ ಕಸುಬು ಕಲಿಸಿದ. ಜಡೆ ಹಾಕಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಕತ್ತಲೆಗೆ ಹೆದರಿದರೆ ಅಜ್ಜಿಯ ಕತೆಗಳನ್ನು ಅಜ್ಜಿಯದೇ ದನಿಯಲ್ಲಿ ಹೇಳಿದವಳು ಅಕ್ಕ. ಮಾವನ ಅಂಗಡಿ ಕೆಳಗೆ, ಮನೆ ಮೇಲೆ. ಅಕ್ಕ, ಭಾವ, ಸೂಜಿ, ಮಾವ ಎಲ್ಲರೂ ಅಲ್ಲೇ.

ಅಂಗಡಿಯ ಹಿಂದಿನ ತಗಡಿನ ಸೂರಿನ ಕೆಳಗೆ ಅಪ್ಪ ಓಡಿಸುತ್ತಿದ್ದ ಜೀಪು ನಿಂತಿತ್ತು. ಅದಕ್ಕೆ ಮೇಲ್ಹೊದಿಕೆಯಿಲ್ಲ, ಬಾಗಿಲಿಲ್ಲ. ಭಾವ ಆಗೀಗ ಎಂಜಿನ್ ಚಾಲೂ ಮಾಡಿ ಇಡುತ್ತಿದ್ದ, ಆದರೆ ಅಪ್ಪ ಇಳಿದುಹೋದ ದಿನದಿಂದ ಅದರಲ್ಲಿ ಗಲ್ಲಿಯ ಬೆಕ್ಕುಗಳ ಸಂಸಾರ. ಲೋಕ ಹುಟ್ಟಿದ ದಿನ ಸೂರ್ಯ ಎಲ್ಲ ಪ್ರಾಣಿಗಳಿಗೂ ಮನೆ ಹಂಚುತ್ತಿದ್ದಾಗ ಬೆಕ್ಕು ಮೈ ನೆಕ್ಕುತ್ತಾ ಕೂತು ತಡವಾಗಿ ಹೋಯಿತಂತೆ. "ಹಂಚಿ ಮುಗೀತಲ್ಲೋ" ಅಂದನಂತೆ ಸೂರ್ಯ. "ಹೊಸ ಜಾಗ ಯಾರಿಗೆ ಬೇಕು? ಯಾರಾದರೂ ಎದ್ದುಹೋದ ಜಾಗ ಕೊಡು, ಬೆಚ್ಚಗಿರುತ್ತೆ" ಅಂದಿತಂತೆ ಬೆಕ್ಕು. ಅಂದಿನಿಂದ ಎದ್ದುಹೋದವರ ಜಾಗವೆಲ್ಲ ಬೆಕ್ಕಿನದು. ಅಜ್ಜಿಯ ಈ ಕತೆಯನ್ನು ಸೂಜಿ ಬಹಳ ಇಷ್ಟಪಡುತ್ತಿದ್ದಳು, ಆ ವಾರದವರೆಗೆ.

ಆ ವಾರದ ಮೊದಲಲ್ಲಿ ಅವಳು ಆಸ್ಪತ್ರೆಗೆ ಹೋದಾಗ ಅಕ್ಕ ಕಿಟಕಿಯ ಪಕ್ಕ ದಿಂಬುಗಳಿಗೆ ಒರಗಿ ಕೂತಿದ್ದಳು. ಕಿಟಕಿ ತೆರೆದಿತ್ತು. ಅಕ್ಕ ಇದ್ದಲ್ಲಿ ಕಿಟಕಿ ಮುಚ್ಚುವಂತಿರಲಿಲ್ಲ. ಅವಳನ್ನು ಆಸ್ಪತ್ರೆಗೆ ತಂದ ದಿನ ಕಾರಿನ ಹಿಂದಿನ ಬಾಗಿಲು ಜಾಮಾಗಿ, ಗಾಜೂ ಇಳಿಯದೆ, ಅವಳು ಒಳಗೇ ಉಸಿರಿಗಾಗಿ ಒದ್ದಾಡಿದ್ದಳು. ಕಾಯಿಲೆ ಒಂದು ತೂಕವಾದರೆ ಆ ಹೆದರಿಕೆ ಇನ್ನೊಂದು ತೂಕ.

"ನಿನ್ನ ಭಾವ ಮತ್ತೆ ಕಾರು ತಂದಿದ್ರು ಕಣೇ," ಎಂದಳು ಅಕ್ಕ. "ಬಾಗಿಲು ಧಡ್ ಅಂತು ನೋಡು, ಎದೆ ಮೇಲೆ ಯಾರೋ ಬಂದು ಕೂತ ಹಾಗಾಯ್ತು. ಗೇಟು ದಾಟೋದ್ರೊಳಗೆ ವಾಪಸ್."

"ನಮ್ಮ ಜೀಪಿದೆಯಲ್ಲ. ಅದಕ್ಕೆ ಬಾಗಿಲಿಲ್ಲ, ತಲೆ ಮೇಲೆ ಹೊದಿಕೆಯಿಲ್ಲ, ಮಾನ ಮರ್ಯಾದೆಯಂತೂ ಮೊದಲೇ ಇಲ್ಲ. ಅದರಲ್ಲಿ ಕರ್ಕೊಂಡು ಹೋಗ್ತೀನಿ."

ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು, "ಅದು ಜೀಪೇನೇ? ಬೆಕ್ಕಿನ ಛತ್ರ," ಎಂದಳು.

"ಒಂದು ಕೂದಲೂ ಇಲ್ಲದ ಹಾಗೆ ಮಾಡಿ ತರ್ತೀನಿ. ನಿನ್ನಾಣೆ."

ಹೊರಗೆ ಡಾಕ್ಟರಮ್ಮ ಅವಳನ್ನು ತಡೆದು ನಿಲ್ಲಿಸಿದರು. ಶನಿವಾರ ವಾರ್ಡು ಖಾಲಿ ಮಾಡಿ ರಿಪೇರಿಗೆ ಕೊಡುತ್ತಾರೆ. ಮನೆಗೆ ಕರೆದುಕೊಂಡು ಹೋಗದಿದ್ದರೆ ಅಕ್ಕನನ್ನು ದೂರದ ಇನ್ನೊಂದು ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಬೇಕು, ಮಲಗಿಸುವ ಇಂಜೆಕ್ಷನ್ ಕೊಟ್ಟು. "ಆ ಎದೆಗೆ ಆ ಇಂಜೆಕ್ಷನ್ ಕೊಡೋಕೆ ನನಗೇ ಧೈರ್ಯ ಇಲ್ಲಮ್ಮ. ಹಾಗಂತ ಬೆಕ್ಕಿನ ಕೂದಲಿರೋ ಗಾಡಿ ತಂದ್ರೆ ಅದಕ್ಕಿಂತ ಕೆಟ್ಟದ್ದು. ಪರೀಕ್ಷೆ ಮಾಡಿ ನೋಡಿದೀವಿ, ಬೆಕ್ಕಿನ ಕೂದಲು ಅವರಿಗೆ ವಿಷ. ಇಲ್ಲಿ ಆದ್ರೆ ಆಕ್ಸಿಜನ್ ಇದೆ. ಗುಡ್ಡದ ದಾರೀಲಿ ಉಸಿರು ಕಟ್ಟಿದ್ರೆ ಏನು ಮಾಡ್ತೀರಿ?"



ಮನೆಗೆ ಬಂದವಳೇ ಜೀಪಿನ ಸೀಟು ಬಿಚ್ಚಿದಳು. ಹಳೆಯ ರೆಕ್ಸಿನ್ ಬೆಕ್ಕಿನ ಉಗುರಿಗೆ ಸಿಕ್ಕಿ ಜಾಲರಿಯಾಗಿತ್ತು. ಅದನ್ನು ಕಿತ್ತು ಸುಟ್ಟಳು. ಒಳಗಿನ ತೆಂಗಿನ ನಾರನ್ನು ಮಾವ ಹಿಸುಕಿ ನೋಡಿ, "ಇನ್ನೂ ಗಟ್ಟಿಯಿದೆ," ಎಂದ. ಅಂಗಡಿಯ ಕ್ರಮವೇ ಹಾಗೆ. ಹಳೆಯ ನಾರನ್ನು ಎಸೆಯುವುದಿಲ್ಲ. ಕೋಲಿನಿಂದ ಬಡಿದು, ಬಿಸಿಲಿಗೆ ಹರಡಿ, ಬೆರಳಿಂದ ಬಿಡಿಸಿ ಮತ್ತೆ ತುಂಬುತ್ತಾರೆ. ಹೊಸ ನಾರು ಕೂತವರನ್ನು ಒದೆಯುತ್ತದೆ, ಹಳೆಯದು ಅಪ್ಪಿಕೊಳ್ಳುತ್ತದೆ ಎಂಬುದು ಮಾವನ ಮಾತು. ಅವನ ಗುರುವೂ ಹಾಗೇ ಹೇಳಿದ್ದನಂತೆ. ಸೂಜಿ ಕೈ ಸೋಲುವಷ್ಟು ಬಡಿದಳು, ಬಿಸಿಲಿಗೆ ಹಾಕಿದಳು, ತುಂಬಿದಳು. ಮೇಲೆ ಕಪ್ಪು ರೆಕ್ಸಿನ್ ಎಳೆದು ಹೊಲಿದಳು. ರೆಕ್ಸಿನ್ ಗಾಳಿ ಬಿಡುವುದಿಲ್ಲವಾದ್ದರಿಂದ ಸೀಟಿನ ಹಿಂಬದಿಗೆ ಹಿತ್ತಾಳೆಯ ಸಣ್ಣ ಕಣ್ಣುಗಳನ್ನು, ಎಂದರೆ ಬಳೆಯಂಥ ಗಾಳಿತೂತುಗಳನ್ನು, ಹೊಡೆದಳು. ಆ ಕಣ್ಣುಗಳಿಲ್ಲದಿದ್ದರೆ ಯಾರಾದರೂ ಕೂತಾಗ ಸೀಟು ಉಬ್ಬಿ ಹೊಲಿಗೆ ಬಿಡುತ್ತದೆ. ಆಮೇಲೆ ಜೀಪಿನ ಮೈಯನ್ನೆಲ್ಲ ಸೋಪು ನೀರಿನಲ್ಲಿ ತೊಳೆದಳು. ಸಂಜೆ ಬಿಸಿಲಿನಲ್ಲಿ ಅದು ಮದುವೆಗೆ ಹೊರಟ ಮುದುಕನಂತೆ ಹೊಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಡ್ರೈವರ್ ಸೀಟಿನಲ್ಲಿ ಜಮೀನ್ದಾರ.

ಜಮೀನ್ದಾರ ಎಂದರೆ ಒಂದು ಕಿವಿ ಹರಿದ ಗಂಡು ಬೆಕ್ಕು. ಪಕ್ಕದ ಸೀಟಿನಲ್ಲಿ ಬೂದು ಬಣ್ಣದ ಬೂದಿ. ಹಿಂದೆ ಮೂರು ಬಣ್ಣದ ಗಯ್ಯಾಳಿ, ಅದರ ಕೆಳಗೆ ಹೆಸರಿಲ್ಲದ ಪುಢಾರಿ ಬೆಕ್ಕುಗಳು.

"ಇಳೀರೋ! ಇಳಿಯೇ!" ಎಂದು ಸೂಜಿ ಪೊರಕೆ ಬೀಸಿದಳು. ಜಮೀನ್ದಾರ ಆಕಳಿಸಿ, ಬಾಡಿಗೆ ಕೇಳಲು ಬಂದವಳನ್ನು ನೋಡುವಂತೆ ನೋಡಿ, ನಿಧಾನವಾಗಿ ಇಳಿದು ಹೋದ. ಕಪ್ಪು ರೆಕ್ಸಿನ್ ಮೇಲೆ ಬಿಳಿ, ಬೂದು, ಕಂದು ಕೂದಲು.

ಎದುರಿಗೆ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಇಸ್ತ್ರಿ ಅತ್ತೆ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಯಾರ ಅತ್ತೆಯೂ ಅಲ್ಲ, ಗಲ್ಲಿಗೆಲ್ಲ ಅತ್ತೆ. "ಹೊಸ ಸೀಟು ಹೆಂಗಿದೆ ಅಂತ ನೋಡೋಕೆ ಬಂದಿದ್ವು ಕಣೇ. ಚೆನ್ನಾಗಿದೆಯಂತೆ," ಎಂದಳು.

"ನಗಬೇಡಿ ಅತ್ತೆ. ನನ್ನ ಹೊಟ್ಟೆ ಉರೀತಿದೆ."

"ನಗಲ್ಲ ಬಿಡು. ಕಿತ್ತಳೆ ಸಿಪ್ಪೆ ಹಾಕಿ ನೋಡು. ಬೆಕ್ಕಿಗೆ ಆ ವಾಸನೆ ಆಗಲ್ಲ ಅಂತಾರೆ."

ಸೂಜಿ ಕಿತ್ತಳೆ ಸಿಪ್ಪೆ ಹಾಕಿದಳು. ಗಯ್ಯಾಳಿ ಅದರೊಂದಿಗೆ ಚೆಂಡಾಟವಾಡಿತು. ಕರಿಮೆಣಸಿನ ಪುಡಿ ಉದುರಿಸಿದಳು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಸೀನಿದರು, ಬೆಕ್ಕುಗಳು ಸೀನಲಿಲ್ಲ. ಟಾರ್ಪಾಲು ಹೊದಿಸಿ ಹಗ್ಗ ಬಿಗಿದಳು. ಅದರ ಮೇಲೆ ಮಲಗಿ ಜೋತಾಡಿದವು ಕೆಲವು, ಕೆಳಗಿನಿಂದ ನುಗ್ಗಿ ಒಳಗೇ ಡೇರೆ ಹಾಕಿಕೊಂಡವು ಉಳಿದವು. ಬೇಲಿಗೆ ಹಾಕುವ ತಂತಿ ಜಾಲರಿ ತಂದು ಸುತ್ತಲೂ ಕಟ್ಟಿದಳು. ಜಮೀನ್ದಾರ ಸೂರಿನ ತಗಡಿನಿಂದ ನೇರ ಸೀಟಿಗೆ ಜಿಗಿದ. ಪಕ್ಕದ ಬೀದಿಯಿಂದ ಎರವಲು ತಂದ ನಾಯಿ ಮೊದಲು ಬೊಗಳಿತು, ಆಮೇಲೆ ಜಮೀನ್ದಾರನ ಮುಖ ನೋಡಿತು, ಆಮೇಲೆ ಅದರ ಬಾಲ ಮಾತ್ರ ಗಲ್ಲಿಯ ತಿರುವಿನಲ್ಲಿ ಕಂಡಿತು.

"ಅಲ್ಲಾ ಕಣೇ," ಎಂದಳು ಇಸ್ತ್ರಿ ಅತ್ತೆ. ಈಗ ಅವಳು ನಗುತ್ತಿರಲಿಲ್ಲ. "ನನ್ನ ಮೇಜಿನ ಕೆಳಗೆ ಇಷ್ಟು ಬೆಚ್ಚಗಿರುತ್ತೆ. ಅದನ್ನೂ ಬಿಟ್ಟು ನಿನ್ನ ಸೀಟಿಗೇ ಬರ್ತಾವಲ್ಲ, ಏನಿಟ್ಟಿದ್ದೀಯೇ ಅದ್ರಲ್ಲಿ?"

ಸೂಜಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಒದ್ದೆ ಬಟ್ಟೆ ಹಿಡಿದು ಮತ್ತೆ ಕೂದಲು ಒರೆಸುತ್ತಿದ್ದಳು. ಒರೆಸಿ, ಅಂಟುಪಟ್ಟಿಯನ್ನು ಕೈಗೆ ತಿರುಗುಮುರುಗಾಗಿ ಸುತ್ತಿಕೊಂಡು ಒತ್ತಿ ಒತ್ತಿ ತೆಗೆಯುತ್ತಿದ್ದಳು. ತೆಗೆದಷ್ಟೂ ಇರುತ್ತಿತ್ತು. ಗುರುವಾರ ಅಕ್ಕ ಫೋನ್ ಮಾಡಿದಾಗ ಅವಳು ಸೀಟುಗಳ ನಡುವೆ ಬಗ್ಗಿ ಕೂತಿದ್ದಳು.

"ಸೂಜಿ, ಬರ್ತೀಯಲ್ವೇನೇ?"

"ಬರ್ತೀನಕ್ಕ."

"ಪಕ್ಕದ ಬೆಡ್ಡಿನವರನ್ನ ಇವತ್ತೇ ಕಳಿಸಿದ್ರು. ಆಂಬುಲೆನ್ಸ್ ಬಾಗಿಲು ಹಾಕಿದ್ದು ಇಲ್ಲೀವರೆಗೆ ಕೇಳಿಸ್ತು." ಅಕ್ಕನ ಮಾತು ನಿಂತಿತು. ಫೋನಿನಲ್ಲಿ ಉಸಿರು ಮಾತ್ರ, ಕಮ್ಮಾರನ ತೂತು ಬಿದ್ದ ತಿದಿಯ ಸದ್ದಿನಂತೆ. "ನನ್ನನ್ನ ಅದರೊಳಗೆ ಹಾಕಿಸಬೇಡ ಕಣೇ. ಮಲಗಿಸಿ ಹಾಕ್ತಾರಂತೆ. ಎಚ್ಚರ ಆದಾಗ ಮುಚ್ಚಿದ ಡಬ್ಬಿಯೊಳಗಿದ್ರೆ…"

"ಹಾಕಿಸಲ್ಲ. ಜೀಪು ತಯಾರಾಗಿದೆ," ಎಂದಳು ಸೂಜಿ. ಅವಳ ಅಂಗೈಗೆ ಸುತ್ತಿದ್ದ ಅಂಟುಪಟ್ಟಿಯಲ್ಲಿ ಬೆಕ್ಕಿನ ಬಾಲದಷ್ಟು ರೋಮವಿತ್ತು.

ಫೋನಿಟ್ಟು ಅವಳು ಅಳಲಿಲ್ಲ. ಅಳುವುದಕ್ಕೂ ಹೊತ್ತು ಬೇಕು.

ಭಾವ ಕೆಲಸದಿಂದ ಬಂದವನು ಜೀಪನ್ನು ಒಂದು ಸುತ್ತು ಹಾಕಿ ನೋಡಿದ. ಅವನು ಮಾತು ಕಡಿಮೆಯ ಮನುಷ್ಯ, ಆ ದಿನಗಳಲ್ಲಿ ಇದ್ದದ್ದೂ ಬತ್ತಿಹೋಗಿತ್ತು. "ಗ್ಯಾರೇಜಿನಲ್ಲಿ ಬಿಡೋಣ," ಎಂದ. "ಬ್ರೇಕು ಹೇಗಿದ್ರೂ ನೋಡಿಸಬೇಕು. ಶಟರ್ ಇರೋ ಜಾಗ. ಬೆಕ್ಕು ಹೆಂಗೆ ಬರುತ್ತೋ ನೋಡ್ತೀನಿ."

ಗ್ಯಾರೇಜಿಗೆ ಒಯ್ಯುವ ಮೊದಲು ಸೂಜಿ ಕೊನೆಯ ಸಲ ಸೀಟನ್ನೆಲ್ಲ ಒರೆಸಿದಳು. ಟಾರ್ಚ್ ಹಿಡಿದು ಭಾವ ನೋಡಿದ, ಕನ್ನಡಕ ಏರಿಸಿ ಮಾವ ನೋಡಿದ. ಒಂದೇ ಒಂದು ಕೂದಲಿರಲಿಲ್ಲ. ಗ್ಯಾರೇಜಿನವನ ಕೈಗೆ ಕೀಲಿ ಕೊಡುವಾಗ ಸೂಜಿ, "ಅಣ್ಣಾ, ಬೆಕ್ಕು…" ಎಂದಳು.

"ಇಲಿ ಬರೋಕೂ ನನ್ನ ಪರ್ಮಿಷನ್ ಬೇಕು," ಎಂದ ಅವನು.

ಶುಕ್ರವಾರ ಬೆಳಿಗ್ಗೆ ಗ್ಯಾರೇಜಿನ ಶಟರ್ ಎತ್ತುವಾಗ ಸೂಜಿ ಹೊರಗೇ ನಿಂತಿದ್ದಳು. ಜೀಪು ಹಾಗೇ ಇತ್ತು. ಸುತ್ತ ಬೆಕ್ಕಿನ ಸುಳಿವಿಲ್ಲ. ಅವಳು ಮೆಲ್ಲಗೆ ಹೋಗಿ ಡ್ರೈವರ್ ಸೀಟಿನ ಮೇಲೆ ಅಂಗೈ ಆಡಿಸಿದಳು.

ಕೂದಲು. ಬಿಳಿ, ಬೂದು, ಕಂದು.

"ಅಣ್ಣಾ!"

"ಏನಮ್ಮಾ?"

"ಬೆಕ್ಕು ಬಿಟ್ಟಿದ್ದೀರಿ ಒಳಗೆ!"

"ನಾನಾ? ಬೆಕ್ಕಾ? ನೋಡಮ್ಮಾ, ಶಟರ್‌ಗೆ ಬೀಗ, ಕಿಟಕಿಗೆ ಸರಳು, ಸರಳಿನ ಹಿಂದೆ ಗಾಜು. ನಿಮ್ಮ ಬೆಕ್ಕೇನು ಗಾಜಿನೊಳಗಿಂದ ಬೆಳಕು ಬಂದ ಹಾಗೆ ಬಂತಾ?"

"ಮತ್ತೆ ಇದೇನು? ನಿಮ್ಮ ಗಡ್ಡನಾ?"

ಗ್ಯಾರೇಜಿನವನು ಗಡ್ಡ ಮುಟ್ಟಿಕೊಂಡ. ಅವನಿಗೂ ಸಿಟ್ಟು ಬಂದಿತ್ತು. "ನಾನು ಬ್ರೇಕು ನೋಡೋಕೆ ಒಂದು ರೌಂಡು ಹೋಗಿ ಬಂದೆ, ಬೀಗ ಹಾಕ್ದೆ. ಅಷ್ಟೇ. ನಿಮ್ಮ ಗಾಡಿಗೆ ತಾನಾಗೇ ಕೂದಲು ಬೆಳೆಯೋ ಕಾಯಿಲೆ ಇದ್ರೆ ನನ್ನ ಹತ್ರ ಔಷಧಿಯಿಲ್ಲ. ಗಾಡಿ ತಗೊಂಡು ಹೋಗಿ."

ಜೀಪು ಗಲ್ಲಿಗೆ ವಾಪಸು ಬಂತು. ಅದು ನಿಲ್ಲುವ ಮೊದಲೇ ಗಯ್ಯಾಳಿ ಗೋಡೆಯ ಮೇಲೆ ಬಾಲ ಎತ್ತಿ ಕಾಯುತ್ತಿತ್ತು.

ಸೂಜಿಗೆ ಅಜ್ಜಿಯ ಕತೆಗಳಲ್ಲಿ ಬರುವ ಮಾಟಗಾತಿಯರೆಲ್ಲ ನೆನಪಾದರು. ಬೀಗ ಹಾಕಿದ ಕೋಣೆಯಲ್ಲಿ ರೂಪ ಬದಲಿಸುವವರು, ಕೂದಲೆಳೆಯಾಗಿ ಬಾಗಿಲ ಸಂದಿಯಲ್ಲಿ ನುಸುಳುವವರು. ಮಧ್ಯಾಹ್ನದವರೆಗೂ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಡಿಗೂ ಸೂರಿಗೂ ಓಡಾಡಿದಳು. ಒರೆಸಲು ಕೈ ಬರಲಿಲ್ಲ. ಒರೆಸಿ ಏನು ಫಲ? ಕೊನೆಗೆ ಅಕ್ಕ ಕೂರಬೇಕಾಗಿದ್ದ ಸೀಟಿನಲ್ಲಿ ಧೊಪ್ಪನೆ ಕುಸಿದು ಕೂತಳು.

ಆಗ ಸೀಟು ಉಸಿರು ಬಿಟ್ಟಿತು.

ಪ್ರತಿ ಸೀಟೂ ಬಿಡುತ್ತದೆ. ಕೂತವರ ಭಾರಕ್ಕೆ ಒಳಗಿನ ಗಾಳಿ ಹಿತ್ತಾಳೆಯ ಕಣ್ಣುಗಳಿಂದ ಹೊರಹೋಗುವ ಸದ್ದು, ದಿನವೂ ಕೇಳಿ ಕೇಳಿ ಅವಳು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದ ಸದ್ದು. ಆದರೆ ಆ ಹೊತ್ತಿಗೆ ತಗಡಿನ ತೂತಿನಿಂದ ಬಿಸಿಲ ಕೋಲೊಂದು ಸೀಟಿನ ಬೆನ್ನ ಹಿಂದೆ ಇಳಿದಿತ್ತು. ತಿರುಗಿ ನೋಡಿದರೆ ಬಿಸಿಲಿನಲ್ಲಿ ಎಳೆಎಳೆಯಾಗಿ ಏನೋ ತೇಲುತ್ತಿತ್ತು. ಅವಳು ಎದ್ದಳು. ಸೀಟು ಉಸಿರು ಎಳೆದುಕೊಂಡಿತು. ಮತ್ತೆ ಕೂತಳು. ಕಣ್ಣುಗಳಿಂದ ಹೊಗೆಯಂತೆ ಕೂದಲು ಹಾರಿ, ಬಿಸಿಲಲ್ಲಿ ಮಿನುಗಿ, ಕಪ್ಪು ರೆಕ್ಸಿನ್ ಮೇಲೆ ಇಳಿಯಿತು.

ಬ್ಲೇಡು ತಂದು ತಾನೇ ಹಾಕಿದ ಹೊಲಿಗೆಯನ್ನು ಕತ್ತರಿಸಿದಳು. ಒಳಗಿನ ನಾರನ್ನು ಹಿಡಿದು ಎಳೆದು ಬಿಡಿಸಿದಳು. ನಾರಿನ ಎಳೆಎಳೆಗೂ ಕೂದಲು ಸುತ್ತಿಕೊಂಡಿತ್ತು. ಎಷ್ಟೋ ವರ್ಷ ಹರಿದ ರೆಕ್ಸಿನ್ ಮೇಲೆ ಮಲಗಿದ ಎಷ್ಟೋ ತಲೆಮಾರಿನ ಬೆಕ್ಕುಗಳ ಕೂದಲು. ಕೋಲಿಗೆ ಬಗ್ಗದ್ದು, ಬಿಸಿಲಿಗೆ ಸಾಯದ್ದು, ಗ್ಯಾರೇಜಿನವನ ಒಂದು ರೌಂಡಿಗೆ ಹೊರಬಂದದ್ದು. ಬೆಕ್ಕುಗಳು ಹೊಸ ಸೀಟಿಗೆ ಬರುತ್ತಲೇ ಇರಲಿಲ್ಲ. ವಾಸನೆ ಹಿಡಿದು ತಮ್ಮ ಹಳೆಯ ಹಾಸಿಗೆಗೆ ಬರುತ್ತಿದ್ದವು. ಅದನ್ನು ಅವಳೇ ತನ್ನ ಕೈಯಾರೆ ಬಡಿದು, ಬಿಡಿಸಿ, ಅಕ್ಕ ಕೂರುವ ಜಾಗದೊಳಗೆ ತುಂಬಿ ಹೊಲಿದಿದ್ದಳು. ಅಕ್ಕ ಕೂತ ಕೂಡಲೇ, ಗುಡ್ಡದ ದಾರಿಯ ಪ್ರತಿ ಗುಂಡಿಗೂ ಆ ಸೀಟು ಅವಳ ಮುಖಕ್ಕೆ ವಿಷ ಊದುತ್ತಿತ್ತು.

"ಮಾವಾ!" ಎಂದು ಕೂಗಿದ ಕೂಗಿಗೆ ಇಸ್ತ್ರಿ ಅತ್ತೆ ಪೆಟ್ಟಿಗೆ ಬಿಟ್ಟು ಓಡಿಬಂದಳು.

ಮಾವ ಬಂದು ಬಾಯಿ ತೆರೆದ ಸೀಟನ್ನು ನೋಡಿದ. "ಏನಿದು, ಹೊಸ ಸೀಟು ಕುಯ್ದುಹಾಕಿದ್ದೀಯ? ತಲೆ ಕೆಟ್ಟಿದೆಯಾ?"

"ನೋಡಿ ಮಾವ. ಇದನ್ನ ನೋಡಿ."

"ನಾರು. ಅದರಲ್ಲೇನು ನೋಡೋದು?"

"ಕೂದಲು ನೋಡಿ! ಒಳಗೇ ಇತ್ತು ಇಷ್ಟು ದಿನ."

ಮಾವ ಬೆರಳಲ್ಲಿ ನಾರು ತಿರುವಿದ. ಒಪ್ಪಿಕೊಳ್ಳಲು ಮನಸ್ಸಿಲ್ಲದ ಮುಖ. "ಇನ್ನೊಂದು ಸಲ ಬಡಿ. ಚೆನ್ನಾಗಿ ಬಡಿದರೆ ಹೋಗುತ್ತೆ. ನಮ್ಮ ಗುರುಗಳ ಕಾಲದಿಂದ ಯಾರೂ ನಾರು ಬಿಸಾಕಿದ್ದಿಲ್ಲ."

"ನಿಮ್ಮ ಗುರುಗಳ ಅಕ್ಕನಿಗೆ ಉಸಿರು ಕಟ್ಟುತ್ತಿತ್ತಾ?"

ಆಡಬಾರದ ಮಾತಾಯಿತೆಂದು ಸೂಜಿಗೆ ಗೊತ್ತಾಯಿತು. ಮಾವನ ಮುಖ ಕಪ್ಪಿಟ್ಟಿತು. ಇಸ್ತ್ರಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊಸ ಸ್ಪಂಜು ತರೋಣವೆಂದರೆ ಸ್ಪಂಜಿನ ಮಳಿಗೆ ಶುಕ್ರವಾರ ರಜೆ. ಪಕ್ಕದೂರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಅವರಿವರ ಮನೆಯ ದಿಂಬು ಹಾಸಿಗೆ ಕೇಳೋಣವೆಂದರೆ ಈ ಗಲ್ಲಿಯಲ್ಲಿ ಬೆಕ್ಕು ಮಲಗದ ಹಾಸಿಗೆ ಯಾವುದು? ಸೂಜಿ ನೆಲದ ಮೇಲೆ ನಾರಿನ ನಡುವೆ ಕೂತುಬಿಟ್ಟಳು. ನಾಳೆ ಬೆಳಿಗ್ಗೆ ಅಕ್ಕನಿಗೆ ಏನು ಹೇಳುವುದು? ಬರೀ ಕಬ್ಬಿಣದ ಮೇಲೆ ಕೂರು, ಗುಂಡಿ ಬಂದಾಗಲೆಲ್ಲ ಹೊಲಿಗೆ ಹಾಕಿದ ಎದೆ ಕಿತ್ತುಬರಲಿ ಎನ್ನುವುದೆ? ನಿದ್ದೆ ಬರಿಸಿ ಡಬ್ಬಿಯಲ್ಲೇ ಕಳಿಸಿ ಎನ್ನುವುದೆ?

ಮಾವ ಅಂಗಡಿಯ ಮುಂಭಾಗಕ್ಕೆ ನಡೆದ.

ಅಲ್ಲಿ ಗಾಜಿನ ಹಿಂದೆ ಒಂದು ಸೋಫಾ ಇತ್ತು. ಮಾವ ಅಂಗಡಿ ತೆರೆದ ವರ್ಷ ತನ್ನ ಕೈಚಳಕ ತೋರಿಸಲೆಂದು ಮಾಡಿದ್ದು. ಕೆಂಪು ರೆಕ್ಸಿನ್, ದಪ್ಪ ಸ್ಪಂಜು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಕೇಳಿದವರಿಗೆ ಮಾರಲಿಲ್ಲ, ಬಂದವರನ್ನು ಕೂರಿಸಲಿಲ್ಲ. ಅಕ್ಕನ ಮದುವೆ ಮಾತಾಡಲು ಬಂದ ಭಾವನ ಮನೆಯವರನ್ನೂ ಸ್ಟೂಲಿನ ಮೇಲೆ ಕೂರಿಸಿದ್ದ. ಗಲ್ಲಿಯವರು ಅದನ್ನು ಸಿಂಹಾಸನ ಎಂದು ಆಡಿಕೊಳ್ಳುತ್ತಿದ್ದರು. ಮಾವ ತಾನೇ ಒಂದು ದಿನವೂ ಅದರ ಮೇಲೆ ಕೂತವನಲ್ಲ.

ಸರ್ರನೆ ಪ್ಲಾಸ್ಟಿಕ್ ಹರಿದ ಸದ್ದಿಗೆ ಸೂಜಿ ಓಡಿಹೋದಳು. ಮಾವ ಮಂಡಿಯೂರಿ ಕೂತು ಸೋಫಾದ ಹೊಲಿಗೆಗೆ ಬ್ಲೇಡು ಹಾಕಿದ್ದ.

"ಮಾವಾ, ಅದು…"

"ಬೆಕ್ಕಿರಲಿ, ಮನುಷ್ಯರೇ ಇದರ ಮೇಲೆ ಕೂತಿಲ್ಲ," ಎಂದ ಮಾವ, ತಲೆ ಎತ್ತದೆ. "ಆ ಕಡೆ ಹಿಡ್ಕೋ. ರೆಕ್ಸಿನ್ ಹರೀಬೇಡ, ಅದೂ ಬೇಕು. ಮಿಷನ್ನು ಮೇಲಿನ ಮನೆಗೆ ಒಯ್ಯೋಣ, ಅಲ್ಲಿಗೆ ಬೆಕ್ಕು ಹತ್ತಲ್ಲ. ಕೆಳಗೆ ಹೊಲಿದರೆ ಆ ಲೌಡಿಮಕ್ಕಳು ಮತ್ತೆ ಬರ್ತಾವೆ." ಸ್ವಲ್ಪ ಹೊತ್ತಾದ ಮೇಲೆ, ಇನ್ನೂ ತಲೆ ಎತ್ತದೆ, "ಬಡಿ ಅಂದವನು ನಾನೇ ಅಲ್ವಾ," ಎಂದ.

ಸೂಜಿ ಆ ಕಡೆ ಹಿಡಿದುಕೊಂಡಳು.

ಭಾವ ಮಿಷನ್ನನ್ನು ಹೊತ್ತು ಮೆಟ್ಟಿಲು ಹತ್ತಿದ. ಇಸ್ತ್ರಿ ಅತ್ತೆ ನಾರನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗಲ್ಲಿಯ ಆ ತುದಿಯ ಪಾಳು ಕಟ್ಟೆಯ ಮೇಲೆ ಸುರಿದು ಬಂದು, ಮೈಕೈ ತೊಳೆದು, ಬಟ್ಟೆ ಬದಲಿಸಿ, ಮೇಲೆ ಬಂದು ಸ್ಪಂಜು ಹಿಡಿದಳು. ಮಾವ ಅಳತೆ ಹಾಕಿ ಕತ್ತರಿಸಿದ, ಸೂಜಿ ಹೊಲಿದಳು. ಅವಸರಕ್ಕೆ ಬೆರಳಿಗೆ ಚುಚ್ಚಿಕೊಂಡಾಗಲೆಲ್ಲ ಬಾಯಲ್ಲಿಟ್ಟುಕೊಂಡು ಮತ್ತೆ ಹೊಲಿದಳು. ಭಾವ ಕೆಳಗೆ ಜೀಪಿನ ಬರಿ ಕಬ್ಬಿಣವನ್ನು ಮೂಲೆಮೂಲೆ ಬಿಡದೆ ತೊಳೆದ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದ. ಇಷ್ಟಾದರೂ ಎಲ್ಲೋ ಒಂದು ಎಳೆ ಉಳಿದಿದ್ದರೆ ಎಂಬುದು ಎಲ್ಲರ ಮನಸ್ಸಿನಲ್ಲಿತ್ತು.

ಬೆಳಕು ಹರಿಯುವಾಗ ಸೂಜಿ ಸೂರಿಗೆ ಇಳಿದಳು. ಜಮೀನ್ದಾರ ಬಂದಿದ್ದ. ಜೀಪಿನ ಅಂಚಿಗೆ ಮುಂಗಾಲಿಟ್ಟು ಒಳಗೆ ಇಣುಕಿದ, ಮೂಸಿದ, ಮೋಸಹೋದ ಮುಖ ಮಾಡಿ ಇಳಿದ. ಆಮೇಲೆ ಮೂಗು ಗಾಳಿಗೆ ಹಿಡಿದು ಗಲ್ಲಿಯ ತುದಿಗೆ ಹೊರಟ. ಪಾಳು ಕಟ್ಟೆಯ ಮೇಲೆ ನಾರಿನ ಗುಡ್ಡೆಯಲ್ಲಿ ಬೂದಿ, ಗಯ್ಯಾಳಿ, ಪುಢಾರಿಗಳೆಲ್ಲ ಆಗಲೇ ಸುರುಳಿ ಸುತ್ತಿ ಮಲಗಿದ್ದವು. ಸೂಜಿ ನಿಂತಲ್ಲೇ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನಗುವೋ ಅಳುವೋ ಇಸ್ತ್ರಿ ಅತ್ತೆಗೆ ದೂರದಿಂದ ತಿಳಿಯಲಿಲ್ಲ.

ಹೊರಡುವ ಹೊತ್ತಿಗೆ ಮಾತ್ರ ಸೀಟುಗಳನ್ನು ಮೇಲಿನಿಂದ ಇಳಿಸಿ ಬೋಲ್ಟು ಬಿಗಿದರು. ಭಾವ ಓಡಿಸಿದ. ಸೂಜಿ ಹಿಂದೆ ಕೂತಳು, ಹೊಸದಾಗಿ ಒಗೆದ ಬಟ್ಟೆಯಲ್ಲಿ, ತಲೆಗೂ ಬಟ್ಟೆ ಕಟ್ಟಿಕೊಂಡು.

ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್ ಬಾಯಿ ತೆರೆದು ನಿಂತಿತ್ತು. ಅಕ್ಕ ಗಾಲಿಕುರ್ಚಿಯಲ್ಲಿ ಅದಕ್ಕೆ ಬೆನ್ನು ಹಾಕಿ ಕೂತಿದ್ದಳು. ಡಾಕ್ಟರಮ್ಮ ಬಿಳಿ ಕರವಸ್ತ್ರ ತೆಗೆದು ಸೀಟನ್ನು ಒತ್ತಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿದರು. ಮಡಚಿ, ಇನ್ನೊಂದು ಮಗ್ಗುಲಲ್ಲಿ ಮತ್ತೆ ಒರೆಸಿ ನೋಡಿದರು. ಸೂಜಿಯ ಉಸಿರು ಆ ಕರವಸ್ತ್ರದಲ್ಲಿತ್ತು.

"ಕೂರಿಸಿ," ಎಂದರು ಡಾಕ್ಟರಮ್ಮ.

ಭಾವ ಎತ್ತಿ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ. ಅಕ್ಕ ಕೆಂಪು ಸೀಟನ್ನು ಸವರಿ ನೋಡಿದಳು. "ಇದು ಮಾವನ ಸಿಂಹಾಸನ ಅಲ್ವೇನೇ?"

"ಮಾತಾಡಬೇಡ. ಮೂಗಲ್ಲಿ ಉಸಿರಾಡು."

"ಮಾವ ಬದುಕಿದ್ದಾರಾ?"

"ಇದ್ದಾರೆ. ಉಸಿರಾಡೇ ತಾಯಿ."

ಜೀಪು ಗುಡ್ಡ ಇಳಿಯತೊಡಗಿತು. ಗಾಳಿ ಅಕ್ಕನ ಕೂದಲನ್ನು ಹಿಂದಕ್ಕೆ ಹಾರಿಸಿತು. ಸೂಜಿ ಮುಂದಕ್ಕೆ ಬಾಗಿ ಅಕ್ಕನ ಹೆಗಲ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು. ಉಸಿರು ಏರುವುದು, ಇಳಿಯುವುದು. ಪ್ರತಿ ಗುಂಡಿಗೂ ಸೀಟು ಹುಸ್ಸೆನ್ನುವುದು. ಒಂದು ತಿರುವಿನಲ್ಲಿ ಅಂಗೈ ಕೆಳಗೆ ಆ ಏರಿಳಿತ ತಟ್ಟನೆ ನಿಂತಿತು. ಅಕ್ಕ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಭಾವ ಜೀಪು ನಿಲ್ಲಿಸಿ, ಸ್ಟೀರಿಂಗ್ ಹಿಡಿದ ಕೈಯನ್ನು ಬಿಡಲಾರದೆ, ತಿರುಗಿ ನೋಡಲಾರದೆ ಕೂತ. ಹಿಂದೆ ಆಸ್ಪತ್ರೆ ಮರೆಯಾಗಿತ್ತು, ಮುಂದೆ ಊರು ಇನ್ನೂ ಕಂಡಿರಲಿಲ್ಲ.

"ಅಕ್ಕಾ?"

ಅಕ್ಕ ಕೈ ಎತ್ತಿ ತಾಳು ಎಂದಳು. ತೆರೆದ ಆಕಾಶಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಉಸಿರು ಎಳೆದಳು. ಅದು ಒಳಗೆ ಹೋಯಿತು. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ.

"ಮುಂದೆ ಹೋದ ಲಾರಿ ಧೂಳು," ಎಂದಳು. "ಏನ್ರೀ, ನಿಂತ್ರಿ ಯಾಕೆ? ಓಡಿಸಿ."

ಗಲ್ಲಿಯ ಬಾಯಲ್ಲಿ ಇಸ್ತ್ರಿ ಅತ್ತೆ ಕೋಲು ಹಿಡಿದು ಕಾವಲು ನಿಂತಿದ್ದಳು. ಮಾವ ಮೆಟ್ಟಿಲನ್ನು ತೊಳೆದು ಒರೆಸಿ ಬಾಗಿಲು ಹಾರುಹೊಡೆದಿದ್ದ. ಭಾವ ಎತ್ತಿಕೊಳ್ಳಲು ಬಂದಾಗ ಅಕ್ಕ ಬೇಡವೆಂದಳು. ಒಂದು ಕೈ ಜೀಪಿನ ಅಂಚಿಗೆ, ಇನ್ನೊಂದು ಕೈ ಸೂಜಿಯ ಭುಜಕ್ಕೆ ಕೊಟ್ಟು, ಮೊದಲು ಬಲಗಾಲು, ಆಮೇಲೆ ಎಡಗಾಲು ಕೆಳಗಿಟ್ಟು, ಅಕ್ಕ ಮನೆಯ ಮುಂದೆ ಇಳಿದಳು.